ಮೂರನೆಯ ಚೀಲದ ಬಿಯರ್

"ಅಕ್ಕ! ಹಾಲು ಸೀದು ಮನೆಯೆಲ್ಲ ನಾರ್ತಿದೆ, ನೀವು ಒಲೆ ಮುಂದೇನೇ ನಿಂತಿದ್ದೀರಲ್ಲ!"

ಓರಗಿತ್ತಿ ಓಡಿಬಂದು ಒಲೆ ಆರಿಸಿದಳು. "ಏನೋ ಯೋಚನೆಯಲ್ಲಿದ್ದೆ ಕಣೇ," ಎಂದು ದೊಡ್ಡ ಸೊಸೆ ನಕ್ಕಳು. ಓರಗಿತ್ತಿಯೂ ನಕ್ಕಳು. ಆದರೆ ಆ ನಗು ಅರ್ಧ ಕ್ಷಣ ತಡವಾಗಿ ಬಂತು.

ಜ್ವರ ಬಿಟ್ಟು ಹೋಗುವಾಗ ದೊಡ್ಡ ಸೊಸೆಯ ಮೂಗನ್ನೂ ಕೊಂಡೊಯ್ದಿತ್ತು. ನಾಲಿಗೆಗೆ ಉಪ್ಪು, ಹುಳಿ, ಕಹಿ ತಿಳಿಯುತ್ತಿತ್ತು. ವಾಸನೆ ಮಾತ್ರ ಪೂರ್ತಿ ಸತ್ತಿತ್ತು. ಬೇರೆ ಹೆಂಗಸಾದರೆ ಒಂದೆರಡು ಪಾತ್ರೆ ಸೀಯಿಸಿ ಸುಮ್ಮನಾಗುತ್ತಿದ್ದಳು. ಇವಳು ಮಾವನ ಬಿಯರ್ ಕಾರ್ಖಾನೆಯಲ್ಲಿ ರುಚಿ ನೋಡುವವಳು. ಗಂಡ ಸತ್ತ ಮೇಲೆ ಆ ಮನೆಯಲ್ಲಿ ಅವಳಿಗೆ ಉಳಿದಿದ್ದು ರುಚಿಕೋಣೆಯ ಕುರ್ಚಿಯೊಂದೇ. ಅದರಲ್ಲಿ ಕೂತಾಗ ಮಾವ ಕೂಡ ಅವಳ ಬಾಯಿಂದ ಏನು ಬರುತ್ತದೋ ಎಂದು ಕಾಯುತ್ತಿದ್ದರು. ಅದರಿಂದ ಇಳಿದರೆ ಹಿಂದಿನ ಕೋಣೆ, ಇನ್ನೊಬ್ಬರ ಬಟ್ಟೆ ಮಡಿಸುವುದು, ಬಂದವರ ಬಾಯಲ್ಲಿ 'ಪಾಪ' ಅನ್ನಿಸಿಕೊಳ್ಳುವುದು.

ಗೋಧಿ, ಬಾರ್ಲಿ ಹೊಟ್ಟೆಗೆ ಒಗ್ಗದವರಿಗೂ ಒಂದು ಬಿಯರ್ ಮಾಡಬೇಕೆಂಬುದು ಮಾವನ ಹೊಸ ಹಟ. ಬೇರೆಯವರು ಮಾಡಿದ ಗ್ಲುಟೆನ್ ಇಲ್ಲದ ಬಿಯರುಗಳನ್ನು ಹೋಲಿಸಿ ನೋಡಲು ನಾಲ್ಕು ಬಾಟಲಿ ತರಿಸಿದ್ದರು. ನವಣೆಯದು, ಮುಸುಕಿನ ಜೋಳದ್ದು, ಬಿಳಿಜೋಳದ್ದು, ಅಕ್ಕಿಯದು.

"ನಾಳೆ ನೀನೂ ಕೂತ್ಕೊ, ಚಿಕ್ಕವಳೂ ಕೂತ್ಕೊಳ್ಳಲಿ," ಎಂದರು ಮಾವ. "ಬಾಟಲಿಗೆ ಚೀಲ ಹಾಕಿರ್ತೀನಿ, ಬಣ್ಣ ಕಾಣದ ಹಾಗೆ ನೀಲಿ ಲೋಟ. ಯಾವುದು ಯಾವ ಕಾಳಿಂದು, ಹೇಗಿದೆ, ಹೇಳಿ. ಯಾರ ಮೂಗು ಚುರುಕೋ ಅವರಿಗೆ ಕುರ್ಚಿ."

ಓರಗಿತ್ತಿ ತಲೆ ತಗ್ಗಿಸಿದಳು. ಸೀದ ಹಾಲಿನ ಸುದ್ದಿ ಮಾವನ ಕಿವಿಗೆ ಹೇಗೆ ಬಿತ್ತೆಂದು ಕೇಳಬೇಕಾಗಿಯೇ ಇರಲಿಲ್ಲ.

ಸಂಜೆ ದೊಡ್ಡ ಸೊಸೆ ಅಂಗಡಿಯಿಂದ ಅದೇ ನಾಲ್ಕು ಬಗೆ ಕೊಂಡು ತಂಗಿಯ ಮನೆಗೆ ಹೋದಳು. ತಂಗಿ ಗುಟುಕರಿಸಿ ಬಾಯಿಗೆ ಬಂದದ್ದು ಹೇಳುತ್ತ ಹೋದಳು.

"ನವಣೆದು ಪರವಾಗಿಲ್ಲ. ಹಸಿ ಹುಲ್ಲಿನ ವಾಸನೆ, ಕೊನೆಗೆ ನಿಂಬೆ ಸಿಪ್ಪೆ. ಮುಸುಕಿನ ಜೋಳದ್ದು ಬರೀ ಸಿಹಿ, ಬರೀ ನೊರೆ, ನಮ್ಮತ್ತೆ ಮಾತಿನ ಹಾಗೆ. ಬಿಳಿಜೋಳದ್ದು ಚೆನ್ನಾಗಿದೆ ಕಣೇ, ಹುರಿದ ಕಾಳು, ಹಿಂದೆ ಚೂರು ಜೇನು."

"ಅಕ್ಕಿದು?"

"ನೀರಿಗೆ ಹೆಸರಿಟ್ಟಿದ್ದಾರೆ. ಏನೋ ಹೂವಿನ ಘಮ, ಅಷ್ಟೇ. ಅಲ್ಲಾ, ಊರಿಗೆಲ್ಲ ರುಚಿ ಹೇಳೋಳು ನೀನು, ನನ್ನ ಯಾಕೆ ಕೇಳ್ತೀಯ?"

"ನಮ್ಮ ವಂಶದ ನಾಲಿಗೆ ನಿನಗೂ ಬಂದಿದೆಯಾ ಅಂತ ನೋಡ್ದೆ," ಎಂದಳು. ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ.

ಉಳಿದದ್ದು ಕೈಚಳಕ. ಉಗ್ರಾಣದ ಬೀಗದಕೈ ಹಿಂದಿನಿಂದಲೂ ಅವಳ ಹತ್ತಿರವೇ ಇತ್ತು. ಮರುದಿನ ಊಟವಾಗಿ ಕಾರ್ಖಾನೆಯಿಡೀ ತೂಕಡಿಸುವ ಹೊತ್ತಿಗೆ ಒಳಹೊಕ್ಕಳು. ದೀಪ ಹಾಕಿದರೆ ಬಾಗಿಲ ಸಂದಿಯಿಂದ ಬೆಳಕು ಹೊರಬೀಳುತ್ತದೆ. ಕಿಟಕಿಯ ಒಂದು ಬಾಗಿಲನ್ನಷ್ಟೇ ಸರಿಸಿದಳು. ಮಾವ ಸಂಖ್ಯೆ ಬರೆದ ಚೀಲಗಳಿಂದ ಬಾಟಲಿಗಳನ್ನು ತೆಗೆದು ಬಿಸಿಲು ಬಿದ್ದ ಕಿಟಕಿಯ ಕಟ್ಟೆಯ ಮೇಲೆ ನಿಲ್ಲಿಸಿ ಚೀಟಿ ಓದಿದಳು. ಒಂದು ನವಣೆ. ಎರಡು ಮುಸುಕಿನ ಜೋಳ. ಮೂರು ಬಿಳಿಜೋಳ. ನಾಲ್ಕು ಅಕ್ಕಿ. ಅಲ್ಲೇ ನಿಂತು ಒಂದೊಂದಕ್ಕೂ ಮಾತು ಜೋಡಿಸಿ, ಪಿಸುದನಿಯಲ್ಲಿ ಮತ್ತೆ ಮತ್ತೆ ಒಪ್ಪಿಸಿಕೊಂಡಳು.

ಆದರೆ ತನ್ನ ಉತ್ತರ ಸರಿಯಾದರೆ ಸಾಲದು. ಇಬ್ಬರೂ ಸರಿಯಾದರೆ ಮಾವ ಮತ್ತೊಂದು ಪರೀಕ್ಷೆ ಇಡುತ್ತಾರೆ. ಓರಗಿತ್ತಿಯದು ತಪ್ಪಾಗಬೇಕಿತ್ತು. ದೊಡ್ಡ ಸೊಸೆ ಅಕ್ಕಿಯ ಬಾಟಲಿಯನ್ನು ಮೂರನೆಯ ಚೀಲಕ್ಕೂ ಬಿಳಿಜೋಳದ್ದನ್ನು ನಾಲ್ಕನೆಯದಕ್ಕೂ ಇಳಿಸಿದಳು. ಇನ್ನು ನಿಜವಾಗಿ ರುಚಿ ಬಲ್ಲವಳೇ ಎಡವುತ್ತಾಳೆ. ಮಾವನ ಲೆಕ್ಕ ಒಪ್ಪಿಸುವವಳು ಗೆಲ್ಲುತ್ತಾಳೆ. ಆಮೇಲೆ ಚೀಲ ಬಿಚ್ಚಿ ಬಾಟಲಿ ತೊಳೆಯುವುದು ಹೇಗೂ ರುಚಿ ನೋಡುವವಳದೇ ಕೆಲಸ; ಅದಲುಬದಲು ಯಾರಿಗೂ ತಿಳಿಯದು.

ದಾರ ಬಿಗಿಯುವಾಗ ಒಮ್ಮೆ ಕೈ ತಡೆಯಿತು. ಜ್ವರದಲ್ಲಿ ಹಣೆಗೆ ಒದ್ದೆಬಟ್ಟೆ ಹಾಕುತ್ತ ಕೂತಿದ್ದವಳು ಇದೇ ಓರಗಿತ್ತಿ. 'ಅವಳಿಗೆ ಗಂಡನಿದ್ದಾನೆ, ಕುರ್ಚಿ ಯಾಕೆ?' ಎಂದುಕೊಂಡು ಗಂಟು ಹಾಕಿದಳು.

ರುಚಿಕೋಣೆಯಲ್ಲಿ ಮಾವ ಚೀಲದ ಬಾಯಿಂದ ಬಗ್ಗಿಸಿ ಸುರಿದರು. ಹಿರಿಯಳು ಮೊದಲು. ಒಂದಕ್ಕೆ ಹುಲ್ಲು, ನಿಂಬೆ ಸಿಪ್ಪೆ. ಓರಗಿತ್ತಿಯೂ ನವಣೆಯೆಂದಳು. ಎರಡನೆಯದಕ್ಕೂ ಹಾಗೇ ಆಯಿತು. ಮಾವ ತಲೆದೂಗಿದರು.

ಮೂರನೆಯ ಲೋಟ ಬಂತು. ದೊಡ್ಡ ಸೊಸೆ ಯಾವಾಗಿನಂತೆ ಕಣ್ಣು ಮುಚ್ಚಿ, ಲೋಟವನ್ನು ಮೂಗಿಗೆ ಹಿಡಿದು, ದೀರ್ಘವಾಗಿ ಉಸಿರೆಳೆದಳು. ಒಂದು ಗುಟುಕು ಬಾಯಲ್ಲಿ ಆಡಿಸಿ ನುಂಗಿದಳು.

"ಬಿಳಿಜೋಳ. ಹದವಾಗಿ ಹುರಿದ ಕಾಳಿನ ಪರಿಮಳ, ಹಿಂದೆ ತೆಳುವಾಗಿ ಜೇನು. ನಾಲ್ಕರಲ್ಲಿ ಇದಕ್ಕೆ ಸಾಟಿ ಇರೋದಿಲ್ಲ ಮಾವ. ನಾವು ಮಾಡೋದಾದ್ರೆ ಹೀಗೇ ಮಾಡಬೇಕು."

ಕಣ್ಣು ತೆರೆದಾಗ ಮಾವ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡಿದ್ದರು. ಓರಗಿತ್ತಿ ಎದ್ದುಹೋಗಿ ಬಾಗಿಲು ತೆರೆಯುತ್ತಿದ್ದಳು. "ಅಕ್ಕ," ಎಂದಳು, ಅಳು ತಡೆದುಕೊಂಡು, "ಸುಟ್ಟ ರಬ್ಬರ್ ಥರ ನಾರ್ತಿದೆ. ಸುರಿಯುವಾಗಲೇ ಕೋಣೆಯೆಲ್ಲ ತುಂಬ್ತು. ನಿಮಗೆ ನಿಜವಾಗ್ಲೂ ಗೊತ್ತಾಗಲಿಲ್ವಾ?" ನಾಲ್ಕರಲ್ಲಿ ಮೂರು ಕಂದು ಗಾಜಿನ ಬಾಟಲಿಗಳು. ಅಕ್ಕಿಯ ಬಿಯರ್ ಮಾಡಿದವರು ಮಾತ್ರ ಹೊನ್ನಿನ ಬಣ್ಣ ಕಾಣಲೆಂದು ತಿಳಿಗಾಜಿನಲ್ಲಿ ತುಂಬಿದ್ದರು. ತಿಳಿಗಾಜಿನ ಬಿಯರಿಗೆ ಸ್ವಲ್ಪ ಹೊತ್ತು ಬಿಸಿಲು ತಾಗಿದರೂ ಸಾಕು, ಕೆಟ್ಟು ನಾರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೂ ಅಷ್ಟಾಗಿ ಸಿಗುವುದಿಲ್ಲ, ಮೂಗಿಗೆ ಮಾತ್ರ ತಿಳಿಯುತ್ತದೆ. ಈ ಕಸುಬಿನ ಮೊದಲ ಪಾಠವೇ ಅದು. ಓರಗಿತ್ತಿಗೆ ಅದನ್ನು ಹೇಳಿಕೊಟ್ಟವಳೂ ದೊಡ್ಡ ಸೊಸೆಯೇ. ಮಾವ ಕರವಸ್ತ್ರ ಇಳಿಸಿ, ಮೂರನೆಯ ಚೀಲದ ದಾರ ಬಿಚ್ಚುತ್ತ, ಮೆಲ್ಲಗೆ ಕೇಳಿದರು: "ಬಿಳಿಜೋಳದ್ದು ಕಂದು ಬಾಟಲಿ. ಅದಕ್ಕೆ ಬಿಸಿಲು ಹೇಗಮ್ಮ ತಾಗತ್ತೆ?"