ಹೊಸ ಸ್ಟಿಕ್ ಕೇಳಿಸಿಕೊಂಡ ಮಾತು

“ಟಿವಿಗಿ ಹೊಸಾ ಸ್ಟಿಕ್ ಹಾಕ್ಸೀರಲ್ಲ ಅಕ್ಕಾ, ಫಾಯದಾ ಅದನೇನು? ನಾನೂ ತರ್ಲಾ?” ಎಂದು ಪಕ್ಕದ ಮನೆಯ ಬಷೀರಾ ನಿನ್ನೆಯೂ ಕೇಳಿದಳು. ಟಿವಿಯ ಹಿಂದೆ ಚುಚ್ಚಿದರೆ ಇಂಟರ್ನೆಟ್ಟಿನ ಚಿತ್ರಗಳನ್ನು ತೋರಿಸುವ ಬೆರಳುದ್ದದ ಕಡ್ಡಿ ಅದು.

ಹಳೆಯದು ಚಿತ್ರದ ನಡುವೆಯೇ ನಿಂತುಬಿಡುತ್ತಿತ್ತು. ಹೊಸದರ ರಿಮೋಟಿಗೆ ಬಾಯಿಯಲ್ಲಿ ಹೇಳಿದರೆ ಸಾಕು, ಹೇಳಿದ ಮಾತು ಪರದೆಯ ಮೇಲೆ ಅಕ್ಷರವಾಗಿ ಮೂಡುತ್ತದೆ. ನನ್ನ ಮಗಳು ಶಾಂಭವಿಗೆ ಐದು ವರ್ಷವಾದರೂ ಮಾತು ಬಂದಿರಲಿಲ್ಲ. ಒಂದು ಮಧ್ಯಾಹ್ನ ಅವಳು ರಿಮೋಟನ್ನು ಮುಚ್ಚಿದ ತುಟಿಗೆ ಒತ್ತಿಕೊಂಡು ಕೂತಿದ್ದಳು. ಪರದೆಯ ಮೇಲೆ ‘ಅವ್ವ’ ಎಂದು ಮೂಡಿತು. ಅಳುತ್ತಲೇ ಅವಳನ್ನು ಎತ್ತಿಕೊಂಡೆ. ನಮ್ಮೂರು ವಾಡಿಯ ಆ ಬಿಸಿಲಿನಲ್ಲೂ ಅವಳ ಕೈಗಳು ನೆಲದ ಶಹಾಬಾದ್ ಕಲ್ಲಿನಷ್ಟು ತಣ್ಣಗಿದ್ದವು.

ಮರುದಿನ ‘ಅವ್ವ, ಬಾಗಿಲಾ ತಗಿ’ ಎಂದು ಬಂತು. ಆಮೇಲೆ ದಿನವೂ ಅದೇ ಮಾತು.

“ಮನೀ ಬಾಗಿಲಾ ಎಲ್ಲಾ ತೆರದೇ ಅವ. ಇದಕ್ಕ ಇನ್ನ್ಯಾವ ಬಾಗಿಲಾ ಬೇಕಂತ? ಈ ಸ್ಟಿಕ್ ವಾಪಸ್ ಕೊಟ್ ಬರ್ತೀನಿ,” ಎಂದರು ನಮ್ಮ ಮನೆಯವರು.

“ಬ್ಯಾಡ್ರಿ. ಕೂಸು ಈಗರೆ ಮಾತಾಡ್ಲಿಕತ್ತದ,” ಎಂದೆ.

ಇಂದು ರೊಟ್ಟಿ ಬಡಿಯುತ್ತಿದ್ದಾಗ ಶಾಂಭವಿ ಹಿಂದಿನಿಂದ ಸೆರಗು ಜಗ್ಗಿ, “ಅವ್ವಾ, ಹಸಿವಾಗ್ಯದ,” ಎಂದಳು. ಬಾಯಿ ತೆರೆದು, ಸ್ಪಷ್ಟವಾಗಿ. ಅವಳನ್ನು ಎದೆಗವಚಿಕೊಂಡು ಹೊರಗಿನ ಕೋಣೆಗೆ ಓಡಿದೆ. ರಿಮೋಟ್ ಟಿವಿಯ ಕೆಳಗೆ ಬಿದ್ದಿತ್ತು. ಪರದೆಯ ಮೇಲೆ ಹೀಗೆ ಮೂಡಿತ್ತು: ‘ಅವ್ವ, ಆಕಿ ನಾ ಅಲ್ಲ.’

ಮಗಳು ಉಂಡು ನನ್ನ ತೊಡೆಯ ಮೇಲೆ ಮಲಗಿದ್ದಾಳೆ. ಟಿವಿ ಇನ್ನೂ ಹಾಗೇ ಇದೆ. ಅದನ್ನು ಆರಿಸಲು ನನಗೆ ಕೈ ಬರುತ್ತಿಲ್ಲ.