ತಂದೆಯ ಕೋಪ

ವರದಾ ತೀರದ ತೋರಣಪುರದಲ್ಲಿ ಅಂದು ವಿಜಯೋತ್ಸವ. ಕೋಟೆಯ ಬಾಗಿಲುಗಳಿಗೆಲ್ಲ ಮಾವಿನ ತೋರಣ, ರಾಜಬೀದಿಯ ತುಂಬ ಕುಂಕುಮದ ಕೆಸರು, ಆನೆಗಳ ಘಂಟಾನಾದಕ್ಕೆ ಬೆದರಿ ಗೋಪುರ ಬಿಟ್ಟೆದ್ದ ಪಾರಿವಾಳಗಳು. ಆದರೆ ಯುದ್ಧ ಗೆದ್ದು ಬಂದ ದಂಡನಾಯಕ ಬೊಪ್ಪದೇವನ ಮನೆಯಲ್ಲಿ ಸಂಭ್ರಮವಿರಲಿಲ್ಲ. ಸೆರೆಸಿಕ್ಕ ಶತ್ರುರಾಜಕುಮಾರನನ್ನು ಅವನೇ ಬಿಟ್ಟುಕಳಿಸಿದನೆಂದು ಮಂತ್ರಿ ರೇವಣಾರ್ಯ ಅರಸನಲ್ಲಿ ದೂರಿದ್ದ. ಅಪರಾಹ್ನ ಆಸ್ಥಾನದಲ್ಲಿ ವಿಚಾರಣೆ.

“ಆ ಮಾತು ನನ್ನೆದುರು ಆಡಲಿ, ಅಲ್ಲೇ ಕಡಿಯುತ್ತೇನೆ” ಎಂದ ಬೊಪ್ಪದೇವ.

ಅಕ್ಕ ಬಾಚಲದೇವಿ ಬಾಗಿಲಿಗೆ ಅಡ್ಡ ಬಂದು ನಿಂತಳು. ಆಸ್ಥಾನದಲ್ಲಿ ಕತ್ತಿ ಹಿರಿದವನಿಗೆ ಮರಣದಂಡನೆ. ಮಂತ್ರಿ ಬಯಸುವುದೂ ಅದನ್ನೇ. ತಮ್ಮನ ಕಣ್ಣಲ್ಲಿ ಅವಳಿಗೆ ತೀರಿಹೋದ ತಂದೆ ಕಂಡರು. ಇಪ್ಪತ್ತು ವರ್ಷ ನುಂಗಿಕೊಂಡಿದ್ದನ್ನು ಅವಳು ಅಂದು ನುಡಿದಳು.

“ನಿನ್ನ ಭಾವ ಯುದ್ಧದಲ್ಲಿ ಮಡಿಯಲಿಲ್ಲ, ತಮ್ಮಾ. ಊಟಕ್ಕೆ ಕುಳಿತಾಗ, ಒಂದು ಮಾತಿಗೆ, ಅಪ್ಪಯ್ಯನೇ ಕಡಿದರು. ನೀನಾಗ ಗುರುಕುಲದಲ್ಲಿದ್ದೆ; ಅವರನ್ನು ನೋಡಿದವನೇ ಅಲ್ಲ.”

ಬೊಪ್ಪದೇವ ಅಕ್ಕನತ್ತ ತಿರುಗಿದ. “ಅಪ್ಪಯ್ಯನಿಗೆ ಮರುಳು ಹಿಡಿದದ್ದು...”

“ಆಮೇಲೆ. ಸಾಯುವತನಕ ದಿನವೂ ಅಳಿಯನನ್ನು ಊಟಕ್ಕೆ ಕರೆಯುತ್ತಿದ್ದರು. ನಾನು ಎರಡು ಎಲೆ ಹಾಕಿ ಬಡಿಸುತ್ತಿದ್ದೆ.”

“ನನಗೂ ಅದೇ ಕೋಪ, ಅಕ್ಕಾ. ಬಂದಾಗ ಏನೂ ಕಾಣಿಸುವುದಿಲ್ಲ. ಏನು ಮಾಡಲಿ?”

“ಕೋಪ ಬರಲಿ, ತಡೆಯಬೇಡ. ಕತ್ತಿಯನ್ನು ಮಾತ್ರ ದೂರವಿಡು. ನಾನು ರಾಣೀವಾಸದವರೊಡನೆ ಜಾಲಂಧ್ರದ ಕಿಂಡಿಗಳ ಹಿಂದೆ ಇರುತ್ತೇನೆ.”

ತುಂಬಿದ ಸಭೆಯಲ್ಲಿ ರೇವಣಾರ್ಯ ನಸುನಕ್ಕು, “ಮರುಳನ ಮಗನಲ್ಲಿ ನಿಷ್ಠೆಯನ್ನು ಅರಸುವುದುಂಟೇ, ಮಹಾಪ್ರಭು?” ಎಂದ. ಬೊಪ್ಪದೇವನ ಕೈ ಹಿಡಿಕೆಗೆ ಹೋಯಿತು. ಬೆರಳುಗಳು ಬಿಳುಪೇರಿದ್ದು ಜಾಲಂಧ್ರದ ಹಿಂದಿದ್ದ ಬಾಚಲದೇವಿಗೂ ಕಂಡಿತು. ಅದೇ ಕ್ಷಣ ಕಂಬಗಳ ಮರೆಯಿಂದ ಆರು ಮಂದಿ ಭಟರು ಕತ್ತಿ ಹಿರಿದು ನುಗ್ಗಿದರು. ಬೊಪ್ಪದೇವನೋ ನಡುಪಟ್ಟಿ ಬಿಚ್ಚಿ, ಒರೆಸಹಿತ ಖಡ್ಗವನ್ನು ಸಿಂಹಾಸನದ ಮುಂದಿಟ್ಟ.

“ನನ್ನ ಕೋಪದ ಮೇಲೆ ನನಗೇ ನಂಬಿಕೆಯಿಲ್ಲ, ಪ್ರಭು. ವಿಚಾರಣೆ ಮುಗಿಯುವತನಕ ಇದು ತಮ್ಮಲ್ಲಿರಲಿ.”

ಅರಸ ಭಟರತ್ತ ತಿರುಗಿದ. “ಆಸ್ಥಾನದಲ್ಲಿ ಕತ್ತಿ ಹಿರಿದವರು ನೀವು. ನಿಮ್ಮನ್ನು ಇಲ್ಲಿ ನಿಲ್ಲಿಸಿದವರಾರು?”

ಭಟರ ನಾಯಕ ಮಂತ್ರಿಯ ಮುಖ ನೋಡಿದ; ಬಳಿಕ ಮೊಣಕಾಲೂರಿ ಎಲ್ಲವನ್ನೂ ಒಪ್ಪಿಕೊಂಡ. ಮಂತ್ರಿಯ ಅಪ್ಪಣೆಯಂತೆ ರಾಜಕುಮಾರನನ್ನು ಬಿಟ್ಟವನೂ ಅವನೇ. ರೇವಣಾರ್ಯನನ್ನು ಸೆರೆಗೊಯ್ದರು; ಅರಸ ಖಡ್ಗವನ್ನು ತನ್ನ ಕೈಯಾರೆ ದಂಡನಾಯಕನಿಗೆ ಮರಳಿಸಿದ.

ಮನೆಗೆ ಬಂದ ಬೊಪ್ಪದೇವ ಅಕ್ಕನ ಪಾದ ಮುಟ್ಟಿ, ತಗ್ಗಿದ ದನಿಯಲ್ಲಿ ಕೇಳಿದ: “ಭಾವನ ಮುಖ ಹೇಗಿತ್ತು?”

ಬಾಚಲದೇವಿ ಕಣ್ಣುಮುಚ್ಚಿ ಬಹಳ ಹೊತ್ತು ಯತ್ನಿಸಿದಳು.

“ನೆನಪಾಗುತ್ತಿಲ್ಲ, ತಮ್ಮಾ. ಅಪ್ಪಯ್ಯನ ಮುಖವೇ ಬರುತ್ತದೆ.”

ಅವನು ಅವಳ ಮಗ್ಗುಲಲ್ಲೇ ಕುಳಿತ.