ಮಸಿ ಕುಡಿದ ಹದಿನಾರು ಪುಟ

ಹದಿನಾರು ಪುಟ. ಹದಿನಾರಕ್ಕೂ ಮಸಿ.

ಮಹಡಿಯ ಕೋಣೆಯಲ್ಲಿ ಗೋಡೆಗುಂಟ ಒಂದು ಹಗ್ಗ. ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಲು ಬಿಟ್ಟಿದ್ದ ಚಿತ್ರಗಳು. ಯಾರೋ ಮಸಿಯ ದೊಡ್ಡ ಬಾಟಲಿ ಎತ್ತಿಕೊಂಡು, ಈ ತುದಿಯಿಂದ ಆ ತುದಿಯವರೆಗೆ, ಗಿಡಕ್ಕೆ ನೀರು ಹಾಕಿದಷ್ಟು ನಿಧಾನವಾಗಿ ಸುರಿದು ಹೋಗಿದ್ದರು. ನೆಲದ ಮೇಲೆ ಕಪ್ಪು ಮಡು.

ಚಿತ್ರಗಾರ್ತಿ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡಿದ್ದಳು.

"ಐದು ತಿಂಗಳ ಕೆಲಸ," ಎಂದಳು. "ಶುಕ್ರವಾರ ಅಚ್ಚಿಗೆ ಹೋಗ್ಬೇಕಿತ್ತು. ಹೋಗದಿದ್ರೆ ಕಥೆ ಇಲ್ಲಿಗೇ ನಿಲ್ಲಿಸ್ತೀನಿ ಅಂತ ಪ್ರಕಾಶಕರು ಮೊದಲೇ ಹೇಳಿದ್ರು."

"ಪ್ರತಿ ಇಲ್ವಾ?" ಇನ್‌ಸ್ಪೆಕ್ಟರ್ ಕೇಳಿದಳು.

"ಪಾತ್ರಗಳ ಮಾತು ಬರೆದ ಮೇಲೇ ಪ್ರತಿ ತೆಗೆಯೋದು. ಇನ್ನೂ ಬರೆದಿರಲಿಲ್ಲ."

ನಿಜ ಹೇಳಬೇಕೆಂದರೆ, ಬಾಗಿಲಲ್ಲಿ ನಿಂತ ಮೊದಲ ಕ್ಷಣ ಇನ್‌ಸ್ಪೆಕ್ಟರಿಗೆ ಅನಿಸಿದ್ದು 'ಸರಿಯಾಯ್ತು' ಅಂತ. ಮರುಕ್ಷಣವೇ ತನ್ನ ಮೇಲೆ ತನಗೇ ಸಿಟ್ಟು ಬಂತು. ಕತ್ತಲರಾಯನ ಚಿತ್ರಕಥೆ ಓದುತ್ತಾ ಬೆಳೆದವಳು ಅವಳು. ಅಣ್ಣನ ಜೊತೆ ಕಿತ್ತಾಡಿ ಎಷ್ಟೋ ಸಂಚಿಕೆ ಹರಿದಿದ್ದಳು. ಮೂವತ್ತಾರು ಸಂಚಿಕೆ ಬರೆದ ಮೇಷ್ಟ್ರು ತೀರಿಕೊಂಡರು. ಅವರ ಶಿಷ್ಯೆ, ಅಂದರೆ ಈ ಚಿತ್ರಗಾರ್ತಿ, ಮುಂದುವರಿಸಿದಳು. ಮೂವತ್ತೆಂಟನೆಯದರಲ್ಲಿ ಕತ್ತಲರಾಯನ ಜೀವದ ಗೆಳೆಯ ಬೆಂಕಿಪೊಟ್ಟಣ ಹೋಗಿ ಶತ್ರುಗಳ ಜೊತೆ ಸೇರಿದ. ಗಿಡ್ಡ, ಮುಂಗೋಪಿ, ಬಂಗಾರದಂಥ ಹುಡುಗ ದ್ರೋಹಿ! ಅವತ್ತು ಇನ್‌ಸ್ಪೆಕ್ಟರ್ ಪುಸ್ತಕವನ್ನು ಗೋಡೆಗೆ ಬೀಸಿ ಎಸೆದಿದ್ದಳು.

ಈಗ ಮಸಿ ಕುಡಿದದ್ದು ನಲವತ್ತೆರಡನೆಯದು. ಕೊನೆಯ ಸಂಚಿಕೆ.

"ಕೋಣೆ ಬಿಟ್ಟು ಹೋಗಿದ್ದು ಎಷ್ಟು ಹೊತ್ತಿಗೆ?"

"ಒಂದಕ್ಕೆ ಊಟಕ್ಕೆ ಹೋದೆ. ಆಮೇಲೆ ಕಾಗದ ತರೋಕೆ ಅಂಗಡಿಗೆ. ಮೂರಕ್ಕೆ ಬಂದೆ. ಬಾಗಿಲಿಗೆ ಬರೀ ಚಿಲಕ. ಮೇಡಂ, ಇಲ್ಲಿ ಕದಿಯೋಕೆ ಏನಿದೆ ಅಂದ್ಕೊಂಡಿದ್ದೆ."

"ಕೆಳಗೆ ಗಲಾಟೆ ಏನು?"

"ಅಭಿಮಾನಿಗಳ ಸಂಘ. ತಿಂಗಳಿಗೊಮ್ಮೆ ಚರ್ಚೆ," ಎಂದು ಚಿತ್ರಗಾರ್ತಿ ನಕ್ಕಳು. ಆ ನಗೆಯಲ್ಲಿ ಸಿಹಿ ಇರಲಿಲ್ಲ. "ನಾನು ಮೇಲೆ ಬರೀತೀನಿ. ಅವರು ಕೆಳಗೆ ಕೂತು ನನ್ನ ಚರ್ಮ ಸುಲೀತಾರೆ."

* * *

ಕೆಳಗಿನ ಹಾಲ್‌ನಲ್ಲಿ ಇಪ್ಪತ್ತು ಜನ. ಇಪ್ಪತ್ತು ಬಾಯಿ. ಬೆಂಕಿಪೊಟ್ಟಣ ನಿಜವಾದ ದ್ರೋಹಿಯೋ, ನಾಟಕ ಆಡುತ್ತಿದ್ದಾನೋ ಎಂಬ ಜಗಳ ಪೊಲೀಸರ ಎದುರಿಗೂ ನಿಂತಿರಲಿಲ್ಲ.

"ಬಾಯಿ ಮುಚ್ರೀ!" ಎಂದಳು ಇನ್‌ಸ್ಪೆಕ್ಟರ್. ಮುಚ್ಚಿದರು.

ಬಾಗಿಲ ಬಳಿ ಮೇಜು ಹಾಕಿಕೊಂಡು ಒಬ್ಬ ಅಜ್ಜಿ ಕೂತಿದ್ದಳು. ಕಚೇರಿಯಲ್ಲಿ ಮೂವತ್ತು ವರ್ಷ ಶೀಘ್ರಲಿಪಿ ಬರೆದವಳು. ನಿವೃತ್ತಿಯಾದರೂ ಕೈ ನಿವೃತ್ತಿಯಾಗಿರಲಿಲ್ಲ. ಸಭೆಯಲ್ಲಿ ಯಾರಾದರೂ ಕೆಮ್ಮಿದರೂ ಬರೆದುಕೊಳ್ಳುವ ಹೆಂಗಸು.

"ಒಂದು ಗಂಟೆಗೇ ಬಂದು ಕೂತಿದ್ದೀನಿ," ಎಂದು ಪುಸ್ತಕ ತೆಗೆದಳು. "ಒಂದೂಕಾಲಿಗೆ ಅಧ್ಯಕ್ಷರು ಬಂದ್ರು. ಒಂದೂವರೆಗೆ, ತಕರಾರು ಅಂತ ಕರೀತೀವಲ್ಲ, ಅವನು. ಮಿಕ್ಕವರೆಲ್ಲ ಎರಡಕ್ಕೆ, ಒಟ್ಟಿಗೆ. ಸಭೆ ಶುರುವಾದ ಮೇಲೆ ಒಬ್ರೂ ಎದ್ದಿಲ್ಲ. ಒಳಗೆ ಬರೋಕೆ ಇದೊಂದೇ ಬಾಗಿಲು. ಮೆಟ್ಟಿಲು ಮಾತ್ರ ನನಗೆ ಕಾಣಲ್ಲ."

ಹಾಗಾದರೆ ಇಬ್ಬರೇ.

ಅಧ್ಯಕ್ಷರು ಹಲ್ಲಿನ ಡಾಕ್ಟರು. ಇಸ್ತ್ರಿ ಕೆಡದ ಅಂಗಿ, ಕಾಲ ಬಳಿ ಕೈಚೀಲ, ತೂಕದ ಮಾತು. ಮೊದಲ ದಿನದಿಂದಲೂ ಚಿತ್ರಗಾರ್ತಿಯ ಪರ ನಿಂತವರು ಅವರೊಬ್ಬರೇ. ಬೆಂಕಿಪೊಟ್ಟಣ ನಾಟಕ ಆಡುತ್ತಿದ್ದಾನೆ ಎಂದು ಎರಡು ವರ್ಷದಿಂದ ವಾದಿಸಿದವರು.

ತಕರಾರು ಎಂಬವನು ದರ್ಜಿ. ಎಲ್ಲದಕ್ಕೂ ತಕರಾರು ತೆಗೆಯುವುದರಿಂದ ಆ ಹೆಸರು ಬಿದ್ದಿತ್ತು. ಹೋದ ತಿಂಗಳ ಸಭೆಯಲ್ಲಿ ಎದ್ದು ನಿಂತು, "ಇಂಥ ಪುಟಕ್ಕೆ ಮಸಿ ಸುರೀಬೇಕು" ಎಂದಿದ್ದ. ಅಜ್ಜಿಯ ಪುಸ್ತಕದಲ್ಲಿ ಅದೂ ಇತ್ತು.

ಪೇದೆ ಅವನ ಕೈ ಹಿಡಿದು ಎತ್ತಿದ. "ನೋಡಿ ಮೇಡಂ. ಬೆರಳೆಲ್ಲ ಕಪ್ಪು!"

ಇನ್‌ಸ್ಪೆಕ್ಟರ್ ಬೆರಳು ಮೂಸಿ ನೋಡಿದಳು. ಮಸಿಯಲ್ಲ. ಹೊಲಿಗೆ ಯಂತ್ರದ ಎಣ್ಣೆ ಜಿಡ್ಡು.

"ಮೇಲೆ ಹೋಗಿದ್ರಾ?"

"ಹೋಗಿದ್ದೆ ಮೇಡಂ. ಸುಳ್ಳು ಯಾಕೆ ಹೇಳ್ಲಿ? ಹದಿನಾಲ್ಕು ತಪ್ಪು ಪಟ್ಟಿ ಮಾಡಿ ಕಾಗದ ಬರೆದಿದ್ದೆ. ಬಾಗಿಲು ತಟ್ಟಿದೆ. ಯಾರೂ ತೆಗೀಲಿಲ್ಲ. ಕೆಳಗಿಂದ ತೂರಿಸಿ ಬಂದೆ."

"ಮಸಿ ಸುರೀಬೇಕು ಅಂದೋರು ನೀವೇ ತಾನೆ?"

"ಅಂದೆ! ನನ್ನ ಹೊಟ್ಟೆ ಉರಿಗೆ ಅಂದೆ!" ತಕರಾರು ಕಿರುಚಿದ. "ಬೆಂಕಿಪೊಟ್ಟಣನ್ನ ದ್ರೋಹಿ ಅಂತ ವಾದ ಮಾಡೋವಾಗ ನನಗೆ ಸುಖ ಅಂದ್ಕೊಂಡ್ರಾ? ಪುಸ್ತಕದಲ್ಲಿ ಇರೋದನ್ನ ಹೇಳ್ತೀನಿ. ಇಲ್ಲದ್ದು ಹೇಗೆ ಹೇಳ್ಲಿ?"

ಡಾಕ್ಟರು ನಿಟ್ಟುಸಿರು ಬಿಟ್ಟರು. "ಬೇಡ ಮೇಡಂ, ಪಾಪ. ಕಲಿತವರಲ್ಲ. ಆವೇಶದಲ್ಲಿ ಮಾಡಿರ್ತಾರೆ. ಕ್ಷಮಿಸಿಬಿಡೋಣ."

ಮಾಡಿದ್ದು ಯಾರೆಂದು ಇನ್‌ಸ್ಪೆಕ್ಟರೇ ಹೇಳಿರಲಿಲ್ಲ. ಈ ಪುಣ್ಯಾತ್ಮ ಆಗಲೇ ಕ್ಷಮಿಸಿಯೂ ಆಗಿತ್ತು. ಅವಳ ಮೂಗಿನ ತುದಿಯಲ್ಲಿದ್ದ ಕೋಪ ನೆತ್ತಿಗೇರಿತು. ಆದರೆ ಕೋಪ ಸಾಕ್ಷಿಯಲ್ಲವಲ್ಲ.

"ಅಜ್ಜಿ, ಇವತ್ತಿನ ಚರ್ಚೆ ಓದಿ. ಒಂದಕ್ಷರ ಬಿಡಬೇಡಿ."

* * *

ಅಜ್ಜಿ ಓದಿದಳು. ಅರ್ಧ ಗಂಟೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಆಮೇಲೆ ಒಂದು ಸಾಲು ಬಂತು.

"ಅಧ್ಯಕ್ಷರು: ಬೆಂಕಿಪೊಟ್ಟಣ ಗೋಪುರದ ಮೇಲಿಂದ ಗೆಳೆಯನನ್ನು ತಳ್ಳುವುದರಲ್ಲೇ ಕಥೆ ಮುಗಿದರೂ, ಒಪ್ಪಿಕೊಳ್ಳುವ ದೊಡ್ಡ ಮನಸ್ಸು ನಮಗಿರಬೇಕು. ನಾನು ಎಂದೂ ಹಟ ಹಿಡಿದವನಲ್ಲ. ತಕರಾರು: ಯಾವ ಗೋಪುರ? ಅಧ್ಯಕ್ಷರು: ಮುಂದಿನ ವಿಷಯಕ್ಕೆ ಹೋಗೋಣ."

ಇನ್‌ಸ್ಪೆಕ್ಟರ್ ನಲವತ್ತೊಂದೂ ಸಂಚಿಕೆ ಓದಿದ್ದಳು. ಗುಹೆ ಇತ್ತು, ಬಾವಿ ಇತ್ತು, ಹಡಗು ಇತ್ತು. ಗೋಪುರ ಎಲ್ಲೂ ಇರಲಿಲ್ಲ.

ಒಂದೊಂದು ಹೆಜ್ಜೆಗೆ ಎರಡೆರಡು ಮೆಟ್ಟಿಲು ಹತ್ತಿ ಮೇಲೆ ಹೋದಳು.

"ಕೊನೆಯ ಸಂಚಿಕೆ ಗೋಪುರದಲ್ಲಿ ಮುಗಿಯುತ್ತಾ?"

ಚಿತ್ರಗಾರ್ತಿ ತಲೆಯೆತ್ತಿದಳು. "ಗೋಪುರದ ವಿಷಯ ನಿಮಗೆ ಯಾರು ಹೇಳಿದ್ರು? ಅದು ಕೊನೆ ಅಲ್ಲ. ಮೂರನೇ ಪುಟ. ಬೆಂಕಿಪೊಟ್ಟಣ ತಳ್ತಾನೆ. ಕೆಳಗೆ ಹೊಳೆ ಇದೆ. ಕತ್ತಲರಾಯ ಸತ್ತ ಅಂತ ಶತ್ರುಗಳು ನಂಬಲಿ ಅಂತ ಇಬ್ಬರೂ ಸೇರಿ ಹೂಡಿದ ಆಟ. ಕೊನೆ ಪುಟದಲ್ಲಿ ಇಬ್ಬರೂ ದೋಣಿಯಲ್ಲಿ ಕೂತು ನಗ್ತಾ ಇರ್ತಾರೆ. ಸಾಯೋ ಮುಂಚೆ ಮೇಷ್ಟ್ರು ಹೇಳಿದ ಕೊನೆ ಅದು."

ಇನ್‌ಸ್ಪೆಕ್ಟರಿಗೆ ನಾಚಿಕೆಯಾಯಿತು. ಎರಡು ವರ್ಷ ಸುಮ್ಮಸುಮ್ಮನೆ ಈಕೆಗೆ ಹಿಡಿಶಾಪ ಹಾಕಿದ್ದಳಲ್ಲ!

ಹಗ್ಗದ ಬಳಿ ಹೋಗಿ ಕೊನೆಯ ಹಾಳೆಯನ್ನು ಮೆಲ್ಲಗೆ ತಿರುಗಿಸಿದಳು. ಗೋಡೆಯ ಕಡೆಗಿದ್ದ ಬೆನ್ನಿನ ಮೇಲೆ ಪೆನ್ಸಿಲ್ಲಿನಲ್ಲಿ ಅಂಕಿ. ಮೂರು. ಮೊದಲನೆಯದನ್ನು ತಿರುಗಿಸಿದಳು. ಹದಿನಾರು.

"ಇದೇನು, ಹಿಂದುಮುಂದಾಗಿದೆ?"

"ಕಪ್ಪು ಜಾಸ್ತಿ ಇರೋ ಪುಟ ಬೇಗ ಒಣಗಲ್ಲ ಮೇಡಂ. ಮೊದಲೇ ಮುಗಿಸಿದ್ರೆ ಕೈ ತಾಗಿ ಕದಡುತ್ತೆ. ಅದಕ್ಕೆ ಬೆಳಕಿನ ಪುಟ ಮೊದಲು, ಕತ್ತಲ ಪುಟ ಆಮೇಲೆ. ಮೇಷ್ಟ್ರು ಕಲಿಸಿದ್ದು. ಮುಗಿದ ಹಾಗೇ ತೂಗುಹಾಕ್ತೀನಿ. ದೋಣಿ ಹಗಲು, ಮೊದಲು ಮುಗೀತು. ಗೋಪುರ ಪೂರಾ ಇರುಳು, ಕೊನೆಗೆ ಮುಗೀತು."

ಇನ್‌ಸ್ಪೆಕ್ಟರ್ ಹಾಳೆಯನ್ನು ಹಾಗೇ ಬಿಟ್ಟು ಕೆಳಗಿಳಿದಳು. ಚಿತ್ರಗಾರ್ತಿ ಹಿಂದೆಯೇ ಬಂದಳು.

* * *

"ಡಾಕ್ಟ್ರೇ, ಗೋಪುರದ ಮಾತು ನಿಮಗೆ ಎಲ್ಲಿಂದ ಬಂತು?"

"ಊಹೆ ಮೇಡಂ. ಕಥೆಗಳಲ್ಲಿ ಸಾಮಾನ್ಯ ಅಲ್ವೇ?"

"ಒಳ್ಳೆ ಊಹೆ. ಗೋಪುರ ಇತ್ತು. ಆದ್ರೆ ನಿಮ್ಮ ಊಹೆ ಅರ್ಧ ತಪ್ಪು. ಅದು ಕಥೆಯ ಕೊನೆಗೆ ಇರಲಿಲ್ಲ."

"ಕೊನೆಗೇ ಇತ್ತು!" ಎಂದರು ಡಾಕ್ಟರು.

ಅಜ್ಜಿಯ ಪೆನ್ನು ಅದನ್ನೂ ಬರೆದುಕೊಂಡಿತು. ತಪ್ಪು ಅನ್ನಿಸಿಕೊಳ್ಳಲಾರದ ನಾಲಿಗೆ ಯಜಮಾನನನ್ನೇ ಹಿಡಿದುಕೊಟ್ಟಿತ್ತು.

"ಹಗ್ಗದಲ್ಲಿ ಕೊನೆಗಿತ್ತು," ಎಂದಳು ಇನ್‌ಸ್ಪೆಕ್ಟರ್. "ಒಂದೂಕಾಲಿಗೆ ಬಂದ್ರಿ. ಸೀದಾ ಮೇಲೆ ಹೋದ್ರಿ. ಪುಟಗಳಲ್ಲಿ ಮಾತಿಲ್ಲ, ಬರೀ ಚಿತ್ರ. ಈ ತುದಿಯಿಂದ ಆ ತುದಿಗೆ ಓದಿದ್ರಿ. ಮೊದಲು ದೋಣಿಯಲ್ಲಿ ನಗು, ಕೊನೆಗೆ ಗೋಪುರದಿಂದ ಕೊಲೆ. ಚಿತ್ರ ಬರೆಯೋರು ಯಾರೂ ಹಾಗೆ ಓದಲ್ಲ, ಹಾಳೆಯ ಬೆನ್ನು ನೋಡ್ತಾರೆ. ನೀವು ನೋಡ್ಲಿಲ್ಲ. ತಕರಾರು ಬಾಗಿಲು ತಟ್ಟಿದಾಗ ಒಳಗಿದ್ದೋರು ನೀವೇ."

"ಅವರು ಯಾಕೆ ಮಸಿ ಸುರೀತಾರೆ?" ಯಾರೋ ಗೊಣಗಿದರು. "ಅವರು ಈಯಮ್ಮನ ಪರ ಅಲ್ವಾ?"

ಅಜ್ಜಿ ಹಳೆಯ ಪುಸ್ತಕ ಬಿಡಿಸಿದಳು. "ಎರಡು ವರ್ಷದ ಕೆಳಗೆ. ಅಧ್ಯಕ್ಷರು: ಬೆಂಕಿಪೊಟ್ಟಣ ದ್ರೋಹಿಯೆಂದು ಸಾಬೀತಾದರೆ ಅಧ್ಯಕ್ಷಗಿರಿ ಬಿಟ್ಟು, ತಕರಾರಿನ ಎದುರು ನಿಂತು ತಪ್ಪಾಯಿತು ಎನ್ನುತ್ತೇನೆ."

ಅಷ್ಟರಲ್ಲಿ ಪೇದೆ ಡಾಕ್ಟರ ಕೈಚೀಲದಿಂದ ರಬ್ಬರಿನ ಕೈಗವಸು ತೆಗೆದು ಮೇಜಿನ ಮೇಲಿಟ್ಟ. ಬೆರಳುಗಳಿಗೆ ಮಸಿ ಹತ್ತಿತ್ತು.

ಡಾಕ್ಟರ ತೂಕದ ಮಾತು ಹಾರಿಹೋಯಿತು. "ಒಬ್ಬ ದರ್ಜಿ ಮುಂದೆ ಕೈಕಟ್ಟಿ ನಿಲ್ಬೇಕಿತ್ತಾ ನಾನು? ಇವಳನ್ನ ನಂಬಿದ್ದೆ! ಬೆಂಕಿಪೊಟ್ಟಣನ ಕೈಯಲ್ಲಿ ಕೊಲೆ ಮಾಡ್ಸಿ ನನ್ನ ಮುಖಕ್ಕೆ ಮಸಿ ಬಳಿದಳು!"

"ಕೊಲೆ ಆಗಿಲ್ಲ," ಎಂದಳು ಚಿತ್ರಗಾರ್ತಿ. ಮೂರನೇ ಪುಟ ಯಾವುದು, ಹದಿನಾರನೇ ಪುಟ ಯಾವುದು, ದೋಣಿಯಲ್ಲಿ ಯಾರ್ಯಾರಿದ್ದರು, ಎಲ್ಲ ಹೇಳಿದಳು.

ಡಾಕ್ಟರು ಕುರ್ಚಿ ಹಿಡಿದುಕೊಂಡರು. "ಹಾಗಾದ್ರೆ... ನಾನು ಹೇಳಿದ್ದೇ ಸರಿ?"

ಪೇದೆ ತೋಳು ಹಿಡಿದಿದ್ದಾನೆ, ಆಗಲೂ ಮನುಷ್ಯನಿಗೆ ಅದೇ ಚಿಂತೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದು ನೋಡಿ. ಇನ್‌ಸ್ಪೆಕ್ಟರಿಗೆ ಕಪಾಳಕ್ಕೆ ಬಿಗಿಯುವಷ್ಟು ರೋಷ ಬಂತು. ಕೈ ಹಿಂದೆ ಕಟ್ಟಿಕೊಂಡಳು.

"ನೀವು ಹೇಳಿದ್ದೇ ಸರಿ ಡಾಕ್ಟ್ರೇ," ಎಂದಳು ಚಿತ್ರಗಾರ್ತಿ. "ಎರಡು ವರ್ಷ ನೀವೊಬ್ರೇ ಸರಿ. ಪ್ರಕಾಶಕರು ಈಗ ತಾನೇ ಫೋನ್ ಮಾಡಿ ಕಥೆ ನಿಲ್ಲಿಸಿದೆ ಅಂದ್ರು. ಇನ್ನು ಅದನ್ನ ಯಾರೂ ಓದಲ್ಲ."

ಆಗ ತಕರಾರು ಎದ್ದ. ಕುರ್ಚಿ ಹಿಂದಕ್ಕೆ ಉರುಳಿತು. ಅವನ ಮೇಲೆ ಬಂದಿದ್ದ ಆರೋಪ ತೊಳೆದುಹೋಗಿತ್ತು, ಆದರೆ ಮುಖದಲ್ಲಿ ನೆಮ್ಮದಿಯ ಸುಳಿವಿರಲಿಲ್ಲ. ಕಣ್ಣು ಕೆಂಡವಾಗಿತ್ತು, ನೀರೂ ತುಂಬಿತ್ತು.

"ನನ್ನನ್ನ ಸೋಲಿಸೋ ಪುಟಗಳು ಕಣಯ್ಯಾ ಅವು!" ಎಂದು ಡಾಕ್ಟರ ಮೇಲೆ ಹರಿಹಾಯ್ದ. "ಬೆಂಕಿಪೊಟ್ಟಣ ಅಂಥವನಲ್ಲ ಅಂತ ಯಾರಾದ್ರೂ ತೋರಿಸ್ಲಿ ಅಂತ ತಿಂಗಳು ತಿಂಗಳು ಬಂದು ಕೂಗಾಡ್ತಿದ್ದೆ. ಸೋಲೋಕೇ ಎರಡು ವರ್ಷ ಕಾದಿದ್ದೆ. ನನ್ನ ಸೋಲಿಗೇ ಮಸಿ ಸುರಿದುಬಿಟ್ಯಲ್ಲೋ!"

ಯಾರೂ ಅವನನ್ನು ಕೂರು ಎನ್ನಲಿಲ್ಲ.